ಹ್ಯಾಟಿನೊಳಗಿನ ನೀಲಿ ಬಟ್ಟೆ

ಸಾನ್ ಇಗ್ನಾಸಿಯೊ ಹಿನ್ನೀರು
20 ಡಿಸೆಂಬರ್ 1994

ಅಮ್ಮಾ,

ಇದನ್ನು ಪೋಲೊನ ಮೀನಿನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಗೆ ವಾಸನೆ ಹತ್ತಿದ್ದರೆ ನೀನು ಮೂಗು ಮುಚ್ಚಿಕೊಳ್ಳುವುದಿಲ್ಲ, ಊರು ನೆನಪಾಯಿತೆಂದು ಇನ್ನೊಮ್ಮೆ ಮೂಸುತ್ತೀಯ ಅಂದುಕೊಂಡಿದ್ದೇನೆ. ಚಾಯೊ ದೊಡ್ಡಮ್ಮನ ಸೊಂಟ ಹೇಗಿದೆ? ಎನ್ಸೆನಾದಾದ ಡಾಕ್ಟರು ಅವಳನ್ನು ಬೈದರೋ, ಅವಳೇ ಡಾಕ್ಟರನ್ನು ಬೈದಳೋ?

ತಿಮಿಂಗಿಲಗಳು ಬಂದವು. ಮೊನ್ನೆ ಬೆಳಿಗ್ಗೆ ಕ್ಯಾಂಪಿನ ಅಡುಗೆಮನೆಯ ಬೂದಿ ಚೆಲ್ಲಲು ಹೊರಗೆ ಹೋದಾಗ ಹಿನ್ನೀರು ಕಡಲು ಸೇರುವ ಅಳಿವೆಯ ಕಡೆ ಮೊದಲ ಉಸಿರಿನ ತುಂತುರು ಕಂಡೆ. ಎಂದಿನಂತೆ ಬಸುರಿಯರೇ ಮೊದಲು. ಪ್ರವಾಸಿಗರು ಇನ್ನೂ ನಿದ್ದೆಯಲ್ಲಿದ್ದರು. ಎಬ್ಬಿಸಬೇಕೆನಿಸಲಿಲ್ಲ, ಸ್ವಲ್ಪ ಹೊತ್ತು ನನ್ನೊಬ್ಬಳಿಗೇ ಇರಲಿ ಅನಿಸಿತು.

ನಿನ್ನೆ ದೋನ್ ಮೆಲಿತೋನ್ ಬಂದಿದ್ದರು. ದೋಣಿ ಸಂಘದಲ್ಲಿ ಅಪ್ಪ ತೀರಿಕೊಂಡ ಮೇಲೆ ಅವನ ಜಾಗ ಖಾಲಿ ಇದೆಯಲ್ಲ, ಅದರ ವಿಷಯ. ಈ ಚಳಿಗಾಲ ಮುಗಿದು ತಿಮಿಂಗಿಲಗಳು ಹೊರಡುವುದರೊಳಗೆ ನಮ್ಮ ಮನೆಯವರು ಯಾರಾದರೂ ಹಿರಿಯರನ್ನು ಕೂರಿಸಿಕೊಂಡು ತಿಮಿಂಗಿಲಗಳ ಬಳಿಗೆ ದೋಣಿ ನಡೆಸಿ ತೋರಿಸಬೇಕಂತೆ. ಇಲ್ಲದಿದ್ದರೆ ಜಾಗ ಗಿಲ್ಬೆರ್ತೊ ಮಾವನ ಮನೆಗೆ ಹೋಗುತ್ತದೆ. ನಬೋರನಿಗೆ ಹೇಳಿ ಕಳಿಸಿದ್ದೆ. ಅವನಿಗೆ ಉಪ್ಪಿನ ಕಾರ್ಖಾನೆಯ ಕೆಲಸವೇ ಸಾಕಂತೆ. ನಿನ್ನ ಮಗನಿಗೆ ನೀರು ಕಂಡರೆ ಹೊಟ್ಟೆ ತೊಳಸುವುದು ನಿನಗೆ ಗೊತ್ತಿದ್ದದ್ದೇ.

ದೋನ್ ಮೆಲಿತೋನರಿಗೆ ಕಾಫಿ ಕೊಟ್ಟೆ.

ಅಪ್ಪನ ಹುಲ್ಲಿನ ಹ್ಯಾಟನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಇಟ್ಟಿದ್ದೇನೆ. ಒಳಗೆ ಸುತ್ತಲೂ ನೀಲಿ ಹೂವಿನ ಬಟ್ಟೆಯ ದಪ್ಪ ಪಟ್ಟಿ ಹೊಲಿದಿದೆ, ಬೆವರು ಹೀರಲು ಇರಬೇಕು. ಸುಮ್ಮನೆ ತಲೆಗಿಟ್ಟುಕೊಂಡು ನೋಡಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಪ್ಪನ ತಲೆ ಅಷ್ಟು ದೊಡ್ಡದಿತ್ತಲ್ಲ, ಆಶ್ಚರ್ಯವಾಯಿತು.

ಇನ್ನೊಂದು. ತಿಮಿಂಗಿಲ ದೋಣಿಯ ಹತ್ತಿರ ಬಂದಾಗ ಅಪ್ಪ ಏನು ಮಾಡುತ್ತಿದ್ದ? ಕ್ಯಾಂಪಿನಲ್ಲಿ ಪ್ರವಾಸಿಗರು ಹಳೆಯ ಕಾಲದ ಕಥೆ ಕೇಳುತ್ತಾರೆ, ಅದಕ್ಕೆ.

ನಿನ್ನ
ಹೆರ್ಲಿಂದಾ


ಎನ್ಸೆನಾದಾ
5 ಜನವರಿ 1995

ಹೆರ್ಲಿಂದಾ,

ದೊಡ್ಡಮ್ಮ ಚೆನ್ನಾಗಿದ್ದಾಳೆ, ಅಂದರೆ ಬೈಯುತ್ತಿದ್ದಾಳೆ. ನಿನ್ನೆ ನಾನು ಮಾಡಿದ ತೊರ್ತಿಯಾ ರೊಟ್ಟಿ ದಪ್ಪವಾಯಿತಂತೆ. "ತ್ರಿನಿ, ಇದನ್ನ ತಿನ್ನೋದೋ, ಇದರ ಮೇಲೆ ಕೂರೋದೋ?" ಅಂದಳು. ಸೊಂಟ ಮುರಿದವರಿಗೆ ಬಾಯಿ ಎರಡಾಗುತ್ತದೆ ಎಂದು ಕಾಣುತ್ತದೆ. ಇಲ್ಲಿಯ ಸಮುದ್ರಕ್ಕೆ ಮೀನಿನ ಡಬ್ಬಿ ಕಾರ್ಖಾನೆಯ ವಾಸನೆ. ನಾನು ದಡಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ.

ಜಾಗ ಗಿಲ್ಬೆರ್ತೊನ ಮನೆಗೆ ಹೋದರೆ ಹೋಗಲಿ. ನಿನಗೆ ಒಲೆ ಇದೆ, ಆ ಒಲೆಗೆ ಹೆಸರಿದೆ. ನಲವತ್ತು ದಾಟಿದ ಮೇಲೆ ಹೊಸ ಹುಚ್ಚು ಬೇಡ. ನೀನು ಕೇಳಿಲ್ಲ, ನಾನು ಹೇಳುತ್ತಿದ್ದೇನೆ.

ನಿನ್ನ ಪ್ರವಾಸಿಗರಿಗೆ ಕಥೆ ಬೇಕಾದರೆ ಊರಿಗೆಲ್ಲ ಗೊತ್ತಿರುವುದನ್ನೇ ಹೇಳು. ಆಗೆಲ್ಲ ಅದನ್ನು ದೆವ್ವದ ಮೀನು ಅನ್ನುತ್ತಿದ್ದರು. ಹತ್ತಿರ ಬಂದರೆ ಮಿಕ್ಕವರು ಹುಟ್ಟಿನಿಂದ ದೋಣಿಯ ಪಕ್ಕ ಬಡಿದು ಓಡಿಸಲು ನೋಡುತ್ತಿದ್ದರು. ನಿಮ್ಮಪ್ಪ ಮಾತ್ರ ಇಂಜಿನ್ ಆರಿಸಿ, ಹ್ಯಾಟು ತೆಗೆದು ಎದೆಗೊತ್ತಿಕೊಂಡು ಕೂತುಬಿಡುತ್ತಿದ್ದ. ಆ ಮೌನಕ್ಕೆ ಅದು ದೋಣಿಯನ್ನು ಒಂದು ಸುತ್ತು ಹಾಕಿ ಮರ್ಯಾದೆಯಿಂದ ಹೋಗುತ್ತಿತ್ತು. ಅಷ್ಟೇ. ಪ್ರವಾಸಿಗರು ಅಳುತ್ತಾರೆ, ನೋಡುತ್ತಿರು.

ಹ್ಯಾಟನ್ನು ಪೆಟ್ಟಿಗೆಯಲ್ಲಿಡು. ಇಲಿ ಕಡಿಯುತ್ತದೆ. ಪೋಲೊನ ಕೈಲಿ ಖರ್ಜೂರ ಕಳಿಸು, ಇಲ್ಲಿಯದು ಮರಳು ತಿಂದ ಹಾಗಿದೆ.

ಅಮ್ಮ


ಹಿನ್ನೀರು
24 ಜನವರಿ 1995

ಅಮ್ಮಾ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟು ಅಡುಗೆಮನೆಯಲ್ಲಿ ಸ್ವಲ್ಪ ಸುಟ್ಟಿತು. ದೊಡ್ಡದೇನಲ್ಲ.

ಇಲ್ಲಿ ಎಲ್ಲ ಎಂದಿನಂತೆ. ಮಧ್ಯಾಹ್ನದ ಮೇಲೆ ಗಾಳಿ. ಉಪ್ಪುನೀರಿನ ಕಾಂಡ್ಲಾ ಗಿಡಗಳ ಆಚೆ ಕಡಲಗಿಡುಗ ಮತ್ತೆ ಅದೇ ಕಂಬದ ಮೇಲೆ ಗೂಡು ಕಟ್ಟಿದೆ. ಮರಿಗಳು ಹುಟ್ಟಿವೆ. ತಿಮಿಂಗಿಲದ ಮರಿಗಳು. ಖರ್ಜೂರ ಕಳಿಸಿದ್ದೇನೆ.

ನೀನು ಬರೆದ ಕಥೆಯನ್ನು ಹೇಳಿದೆ. ಯಾರೂ ಅಳಲಿಲ್ಲ.

ಅಮ್ಮಾ, ಅಪ್ಪ ನಿಜವಾಗಿಯೂ ಇಂಜಿನ್ ಆರಿಸುತ್ತಿದ್ದನೇ? ಪ್ರತಿ ಸಲವೂ?

ಹೆರ್ಲಿಂದಾ


ಎನ್ಸೆನಾದಾ
3 ಫೆಬ್ರವರಿ 1995

ಹೆರ್ಲಿಂದಾ,

ನಿನ್ನ ಪತ್ರ ನನ್ನ ಕೈಗೆ ಬರುವ ಮೊದಲೇ ಪೋಲೊನ ಬಾಯಿ ಬಂತು. ಐಸ್ ಇಳಿಸುತ್ತಾ ಹೇಳಿದ.

"ತ್ರಿನಿಯಮ್ಮಾ, ನಿನ್ ಮಗಳು ಹಾರಿದ್ಲು ಕಣಮ್ಮಾ."

"ಎಲ್ಲಿಂದ?"

"ತಿಮಿಂಗಿಲದ ಬೆನ್ನ ಮೇಲಿಂದ. ದೋನ್ ಮೆಲಿತೋನೂ ಗಿಲ್ಬೆರ್ತೊನೂ ದೋಣೀಲಿ ಕೂತು ಪರೀಕ್ಷೆ ಮಾಡ್ತಿದ್ರು. ಅದು ಹತ್ರ ಬಂತು. ಇವಳು ಇಂಜಿನ್ ಆರಿಸಿ, ಹ್ಯಾಟು ತೆಗೆದು ಪಾದ್ರಿ ಥರ ಕೂತ್ಕೊಂಡ್ಲು. ಅದಕ್ಕೇನು ಗೊತ್ತು ಮೇಲೆ ದೋಣಿ ಇದೆ ಅಂತ? ಉಸಿರಾಡಕ್ಕೆ ಸೀದಾ ಕೆಳಗಿಂದ ಎದ್ದುಬಿಡ್ತು. ದೋಣಿ ಮೇಲಕ್ಕೆ ಹೋಗಿ ಪಕ್ಕಕ್ಕೆ ಜಾರಿ ನೀರಿಗೆ ಬಿತ್ತು. ಗಿಲ್ಬೆರ್ತೊನ ಊಟದ ಡಬ್ಬಿ ಇನ್ನೂ ತೇಲ್ತಾ ಇದೆಯಂತೆ. ಇನ್ಮೇಲೆ ಅವಳು ಹುರುಳಿ ಬೇಯಿಸ್ಕೊಂಡೇ ಇರ್ಲಿ ಅಂತಿದಾನೆ ಗಿಲ್ಬೆರ್ತೊ."

ಹಾಗಾದರೆ ನಿನ್ನ ಮಣಿಕಟ್ಟನ್ನು ಸುಟ್ಟ ಅಡುಗೆಮನೆ ಅದು. ಎರಡು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ಮೂರನೆಯ ದಿನ, ಚಾಯೊಗೆ ಸೂಪು ಕುಡಿಸುತ್ತಿದ್ದಾಗ, ಆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ನೀನು ಪ್ರವಾಸಿಗರಿಗೆಂದು ಕೇಳಿದೆ, ನಾನು ಪ್ರವಾಸಿಗರಿಗೆ ತಕ್ಕ ಕಥೆ ಕೊಟ್ಟೆ. ನಿನಗೆ ಬೇಕು ಎಂದಿದ್ದರೆ ಬೇರೆ ಹೇಳುತ್ತಿದ್ದೆ. ಹೇಳುತ್ತಿದ್ದೆನೋ ಇಲ್ಲವೋ, ಈಗ ಹೇಳುತ್ತೇನೆ.

ನಿಮ್ಮಪ್ಪ ಇಂಜಿನ್ ಆರಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಆಗಲೂ ನಿನಗಾದದ್ದೇ ಆಯಿತು. ಆ ಕಥೆಯನ್ನು ಅವನು ಅಂಗಡಿಕಟ್ಟೆಯಲ್ಲಿ ತಲೆಕೆಳಗು ಮಾಡಿ ಹೇಳಿದ, ಊರು ಅದನ್ನೇ ನಂಬಿತು. ನೀನು ಸಾಂತಾ ರೊಸಾಲಿಯಾದಲ್ಲಿ ಸನ್ಯಾಸಿನಿಯರ ಹಾಸ್ಟೆಲ್ಲಿನಲ್ಲಿದ್ದೆ. ಬಿಸಿಲಿನ ಝಳಕ್ಕೆ ಅವನ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ನೀರಿನ ಮೇಲೆ ಬೆಳಕು ಬಿದ್ದರೆ ಮುಂದಿನದೇನೂ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದರೆ ಬೇರೆಯವರ ದೋಣಿಯಲ್ಲಿ ಬಲೆ ಎಳೆಯುವ ಆಳಾಗಬೇಕಿತ್ತು. ಅದಕ್ಕೆ ನಾನು ಹಿಂದೆ ಚುಕ್ಕಾಣಿ ಹಿಡಿದು ಕೂತೆ. ಅವನ ಕೋಟು ಹಾಕಿದೆ, ಅವನ ಹ್ಯಾಟು ಹಾಕಿದೆ. ಹ್ಯಾಟು ನನ್ನ ಮೂಗಿನವರೆಗೂ ಇಳಿಯುತ್ತಿತ್ತು, ಹಳೆಯ ಲಂಗ ಹರಿದು ಒಳಗೆ ಪಟ್ಟಿ ಕೊಟ್ಟು ಹೊಲಿದೆ. ಅವನು ಮುಂದೆ ಬಲೆಗಳ ನಡುವೆ ಬಗ್ಗಿ ಕೂರುತ್ತಿದ್ದ. ದಡದಿಂದ ನೋಡಿದವರಿಗೆ ಚುಕ್ಕಾಣಿಯ ಮೇಲೆ ಹ್ಯಾಟು ಕಾಣುತ್ತಿತ್ತು. ನಿಮ್ಮಪ್ಪನನ್ನು ಹೊಗಳಿ, ಆನ್ಸೆಲ್ಮೊನ ಹಾಗೆ ಅಳಿವೆ ದಾಟುವವರಿಲ್ಲ ಅನ್ನುತ್ತಿದ್ದರು. ನಿಜ, ಆನ್ಸೆಲ್ಮೊನ ಹಾಗೆ ಯಾರೂ ಹಾಡುತ್ತಲೂ ಇರಲಿಲ್ಲ. ಕೇಳಲಾಗದಷ್ಟು ಕೆಟ್ಟದಾಗಿ.

ನೀನು ಓದು ಮುಗಿಸಿ ಬರುವ ಹೊತ್ತಿಗೆ ಲಾ ಪಾಸ್‌ನಲ್ಲಿ ಅವನ ಕಣ್ಣಿನ ಆಪರೇಷನ್ ಆಯಿತು. ಅವನು ಹೊಸ ಹ್ಯಾಟು ಹಾಕಿ ಚುಕ್ಕಾಣಿಗೆ ಹೋದ, ನಾನು ಒಲೆಗೆ ಬಂದೆ.

ಈಗ ಕೆಲಸದ ಮಾತು. ಇಂಜಿನ್ ಆರಿಸಬೇಡ. ಹುರುಳಿ ಪಾತ್ರೆ ಸಣ್ಣ ಉರಿಯಲ್ಲಿ ಕೊತಕೊತ ಅನ್ನುತ್ತದಲ್ಲ, ಅಷ್ಟರಲ್ಲೇ ಇಡು. ನೀನೆಲ್ಲಿದ್ದೀಯ ಎಂದು ಅವಳಿಗೆ, ಆ ತಿಮಿಂಗಿಲಕ್ಕೆ, ಕೇಳುತ್ತಿರಬೇಕು. ಬೆನ್ನಟ್ಟಬೇಡ. ಅವಳನ್ನು ನೋಡಬೇಡ, ನೀರನ್ನು ನೋಡು. ಅವಳು ಬಾಲ ಬೀಸಿದ ಕಡೆ ನೀರು ಎಣ್ಣೆ ಸವರಿದ ಹಾಗೆ ನುಣ್ಣಗಾಗುತ್ತದೆ. ಆ ನುಣುಪು ಯಾವ ಕಡೆಗೆ ಸಾಲಾಗಿ ಹೋಗುತ್ತಿದೆಯೋ ಅದರ ಪಕ್ಕಕ್ಕೆ ಹೋಗಿ ನಿಲ್ಲು, ಮುಂದಕ್ಕಲ್ಲ. ಆಮೇಲೆ ಬರುವುದು ಬಿಡುವುದು ಅವಳಿಗೆ ಸೇರಿದ್ದು.

ಮೆಲಿತೋನ್ ಇನ್ನೊಂದು ಅವಕಾಶ ಕೊಡುವುದಿಲ್ಲ ಅಂದರೆ ಒಂದೇ ಮಾತು ಕೇಳು: ಅಳಿವೆಯಲ್ಲಿ ಅವನ ದೋಣಿ ಮಗುಚಿದಾಗ ಅವನ ಕೂದಲು ಹಿಡಿದು ಮೇಲೆಳೆದದ್ದು ಯಾರು?

ಅಮ್ಮ


ಹಿನ್ನೀರು
11 ಫೆಬ್ರವರಿ 1995

ಅಮ್ಮಾ,

ನಿನ್ನ ಪತ್ರವನ್ನು ಓದಿ, ಮಡಿಸಿ, ಹೊರಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೇನೆ ಎಂದು ಗೊತ್ತಾಗಲು ಸಮಯ ಹಿಡಿಯಿತು.

ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ತೀರ್ಮಾನಿಸಲಾಗುತ್ತಿಲ್ಲ. ಹುಡುಗಿಯಾಗಿದ್ದಾಗಿನಿಂದ ನನಗೆ ಅಪ್ಪನ ಹಾಗಾಗಬೇಕೆಂದಿತ್ತು. ದಡದಲ್ಲಿ ನಿಂತು ಆ ಹ್ಯಾಟು ಅಳಿವೆಯ ನೊರೆಯಲ್ಲಿ ಏರಿ ಇಳಿದು ಒಳಗೆ ಬರುವುದನ್ನು ರಜೆಯಲ್ಲಿ ಎಷ್ಟು ಸಲ ನೋಡಿದ್ದೇನೆ. ಆಗ ನೀನು ಎಲ್ಲಿದ್ದೀಯ ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅಜ್ಜಿ "ಅಮ್ಮ ಚಿಪ್ಪು ಆರಿಸೋಕೆ ಹೋಗಿದಾಳೆ" ಅನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ಈಗ ಯೋಚಿಸಿದರೆ ನನಗೆ ಬೇಕಾಗಿದ್ದದ್ದು ಏನು? ಸಂಘದ ಜಾಗವೋ, ನೀರೋ, ಅಪ್ಪನ ಹಾಗೆ ಜನರ ಬಾಯಲ್ಲಿ ಇರುವುದೋ? ಮೂರನೆಯದಾದರೆ ಆ ಅಪ್ಪ ಇರಲೇ ಇಲ್ಲ. ಮೊದಲ ಎರಡು ಇನ್ನೂ ಬೇಕೆನಿಸುತ್ತಿದೆ, ಅದೊಂದು ಸಮಾಧಾನ.

ಹೆದರಿಕೆಯೂ ಇದೆ. ದೋಣಿಯಡಿಯ ನೀರು ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾದದ್ದು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ದೋನ್ ಮೆಲಿತೋನ್ ಹತ್ತಿರ ಹೋಗಿದ್ದೆ. ಬಲೆ ಹೆಣೆಯುತ್ತಿದ್ದರು.

"ಆಗಲ್ಲಮ್ಮಾ," ಅಂದರು, ತಲೆ ಎತ್ತದೆ. "ಗಿಲ್ಬೆರ್ತೊ ಒಪ್ಪಲ್ಲ. ನನ್ ಸೊಂಟಾನೂ ಒಪ್ಪಲ್ಲ."

ನೀನು ಹೇಳಿದ ಪ್ರಶ್ನೆ ಕೇಳಿದೆ. ಸೂಜಿ ನಿಂತಿತು. ಬೋಳಾಗಿರುವ ನೆತ್ತಿಯನ್ನು ಒಮ್ಮೆ ಮುಟ್ಟಿಕೊಂಡರು.

"ಹೇಳಿಬಿಟ್ಲಾ?"

"ಹೇಳಿದ್ಲು."

"ನಾನು ಆನ್ಸೆಲ್ಮೊ ಅಂತ್ಲೇ ಅಂದ್ಕೊಂಡಿದ್ದೆ. ಬಾಯಲ್ಲಿ ನೀರು, ಕಣ್ಣಲ್ಲಿ ಉಪ್ಪು. ಮುಂದಿಂದ ಆನ್ಸೆಲ್ಮೊ 'ಬಿಡಬೇಡ, ಎಳಿ' ಅಂತ ಕೂಗ್ತಿದಾನೆ. ಹಂಗಾದ್ರೆ ಎಳೀತಿರೋದು ಯಾರು? ಹ್ಯಾಟಿನ ಕೆಳಗೆ ನೋಡ್ತೀನಿ, ಕಿವೀಲಿ ಓಲೆ. 'ಯಾರಿಗಾದ್ರೂ ಹೇಳಿದ್ರೆ ವಾಪಸ್ ನೀರಿಗೆ ಹಾಕ್ತೀನಿ' ಅಂದ್ಲು ನಿಮ್ಮಮ್ಮ. ಹೇಳ್ಲಿಲ್ಲ. ಹೆಂಗಸು ಎಳೆದು ಹಾಕಿದ್ಲು ಅಂತ ನಾನು ತಾನೇ ಹೆಂಗೆ ಹೇಳ್ಲಿ? ವಯಸ್ಸಿನ ಹುಡುಗ ಆಗ."

ಆಮೇಲೆ ಮತ್ತೆ ಸೂಜಿ ಹಿಡಿದರು. "ಈ ತಿಂಗಳ ಕೊನೇಲಿ, ಉಬ್ಬರ ನೋಡ್ಕೊಂಡು," ಅಂದರು. "ಗಿಲ್ಬೆರ್ತೊನ ನಾನು ಕರ್ಕೊಂಡು ಬರ್ತೀನಿ. ಊಟದ ಡಬ್ಬಿ ದಡದಲ್ಲೇ ಇಡಕ್ಕೆ ಹೇಳು ಅವನಿಗೆ."

ಅಮ್ಮಾ, ಒಂದು ಕೇಳುತ್ತೇನೆ. ಅಷ್ಟು ವರ್ಷ ಹೆಸರಿಲ್ಲದೆ ದುಡಿದೆಯಲ್ಲ, ನಿನಗೆ ಬೇಸರವಾಗಲಿಲ್ಲವೇ?

ಹೆರ್ಲಿಂದಾ


ಎನ್ಸೆನಾದಾ
18 ಫೆಬ್ರವರಿ 1995

ಹೆರ್ಲಿಂದಾ,

ಪೋಲೊ ಹೊರಟು ನಿಂತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ಬೇಸರ ಅಂದೆಯಾ? ನನಗೆ ಅಷ್ಟು ಖುಷಿ ಇನ್ನು ಯಾವುದರಲ್ಲೂ ಇರಲಿಲ್ಲ. ನಾನು ಮುಚ್ಚಿಟ್ಟದ್ದು ಹ್ಯಾಟಿನ ವಿಷಯವನ್ನಲ್ಲ, ಇದನ್ನು. ಗೊತ್ತಾಗಿದ್ದರೆ ಊರು ಅಯ್ಯೋ ಪಾಪ ಅನ್ನುತ್ತಿತ್ತು, ಕುರುಡನನ್ನು ಕಟ್ಟಿಕೊಂಡು ಎಷ್ಟು ಕಷ್ಟ ಅನ್ನುತ್ತಿತ್ತು. ನನಗೆ ಕಷ್ಟವೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಕೈ ತಾನಾಗಿ ಚುಕ್ಕಾಣಿ ಹುಡುಕುತ್ತಿತ್ತು. ನಿನ್ನನ್ನು ಹಾಸ್ಟೆಲ್ಲಿಗೆ ಕಳಿಸಿ ಅಳಬೇಕಾದ ತಾಯಿ ನೀರಿನ ಮೇಲೆ ನಗುತ್ತಿದ್ದಳು. ಯಾರಿಗೆ ಹೇಳುವುದು ಇದನ್ನು? ನಿನಗಂತೂ ಹೇಳುವ ಹಾಗಿರಲಿಲ್ಲ.

ಒಂದು ದಿನ ತಿಮಿಂಗಿಲಗಳಲ್ಲಿ ಒಬ್ಬಳು ಬಂದಳು. ಎಡಗಣ್ಣಿನ ಹಿಂದೆ ಬಿಳಿ ಮಚ್ಚೆ, ಬಾಣಲೆಯಷ್ಟು ಅಗಲ. ಇಂಜಿನ್ ಕೊತಕೊತ ಅನ್ನುತ್ತಿತ್ತು. ಅವಳು ಪಕ್ಕಕ್ಕೆ ಬಂದು ಹೊರಳಿ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದಳು. ನಿಮ್ಮಪ್ಪ ಹಾಡು ನಿಲ್ಲಿಸಿ "ತ್ರಿನಿ, ಏನಾಯ್ತು, ಏನು ಕಾಣ್ತಿದೆ?" ಅಂದ. "ಏನಿಲ್ಲ, ನೀವು ಹಾಡಿ" ಅಂದೆ. ಕೈ ಚಾಚಿ ಮುಟ್ಟಿದೆ. ನಮ್ಮೂರಲ್ಲಿ ಆಗ ಯಾರೂ ಹಾಗೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆ ತಣ್ಣಗಾದ ಮೇಲೆ ಮುಟ್ಟಿ ನೋಡು, ಹಾಗಿತ್ತು.

ನಿಮ್ಮಪ್ಪನಿಗೂ ಹೇಳಲಿಲ್ಲ. ನೀನು ಮೊದಲನೆಯವಳು.

ಹೆದರಿಕೆ ಇರಲಿ. ಅದಿದ್ದರೆ ಕೈ ಹಗುರವಾಗಿರುತ್ತದೆ. ಮಣಿಕಟ್ಟಿಗೆ ಬಿಸಿ ಉಪ್ಪಿನ ಶಾಖ ಕೊಡು. ಇವನು ಹಾರ್ನನ್ನು ಕಿತ್ತೇ ಹಾಕುತ್ತಾನೆ.

ಅಮ್ಮ


ಹಿನ್ನೀರು
2 ಮಾರ್ಚ್ 1995

ಅಮ್ಮಾ,

ಇದನ್ನು ಪೋಲೊ ಮೊದಲೇ ಹೇಳಿಬಿಟ್ಟಿದ್ದರೆ ಅವನ ಜೊತೆ ನಾನು ಮಾತು ಬಿಡುತ್ತೇನೆ. ಹೇಳಕೂಡದು ಎಂದು ಒಂದು ಬುಟ್ಟಿ ಖರ್ಜೂರ ಲಂಚ ಕೊಟ್ಟಿದ್ದೇನೆ.

ಮೊನ್ನೆ ಬೆಳಿಗ್ಗೆ ಗಾಳಿ ಇರಲಿಲ್ಲ. ನೀರು ತಟ್ಟೆಯ ಹಾಗೆ. ದೋನ್ ಮೆಲಿತೋನ್ ಮುಂದೆ, ಗಿಲ್ಬೆರ್ತೊ ಮಾವ ನಡುವೆ, ನಾನು ಹಿಂದೆ. ದಡದಲ್ಲಿ ಸಂಘದವರೆಲ್ಲ ಇದ್ದರು. ಯಾರೋ ಕೂಗಿದರು: "ಗಿಲ್ಬೆರ್ತೊ, ಈಜು ಬರುತ್ತಾ?" ಗಿಲ್ಬೆರ್ತೊ ಮಾವ ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ಹಾಕಿಕೊಂಡಿದ್ದರು.

ಮೊದಲು ಕಂಡ ತಾಯಿ ಮರಿಯನ್ನು ಕರೆದುಕೊಂಡು ದೂರ ಹೋದಳು. ನಾನು ಹಿಂದೆ ಹೋಗಲಿಲ್ಲ. "ಹೋಗು, ತಪ್ಪಿಸ್ಕೊಳ್ತಾಳೆ," ಅಂದರು ಗಿಲ್ಬೆರ್ತೊ ಮಾವ. ಹೋಗಲಿಲ್ಲ. ನೀರನ್ನು ನೋಡುತ್ತಾ ಕೂತೆ. ಬಹಳ ಹೊತ್ತು ಏನೂ ಇರಲಿಲ್ಲ. ನಾನು ಸೋತೆನೆಂದೇ ಅಂದುಕೊಂಡೆ. ಸೋತದ್ದನ್ನು ನಿನಗೆ ಯಾವ ಕೈಯಲ್ಲಿ ಬರೆಯುವುದು ಎಂದೂ ಯೋಚಿಸಿದೆ. ಆಮೇಲೆ ಎಡಗಡೆ ಆ ನುಣುಪು ಕಂಡಿತು. ಒಂದು, ಅದರಾಚೆ ಇನ್ನೊಂದು, ಅದರ ಪಕ್ಕ ಮರಿಯ ಸಣ್ಣದು, ಹರಿವಾಣದಷ್ಟು. ನಿಧಾನವಾಗಿ ಪಕ್ಕಕ್ಕೆ ಹೋಗಿ ನಿಂತೆ. ಇಂಜಿನ್ನನ್ನು ಹುರುಳಿ ಬೇಯುವಷ್ಟಕ್ಕೆ ಇಳಿಸಿದೆ.

ನೀರು ಮತ್ತೆ ಬೂದಾಯಿತು, ಅಮ್ಮಾ.

"ಆರ್ಸು," ಅಂದರು ಗಿಲ್ಬೆರ್ತೊ ಮಾವ, ಎರಡೂ ಕೈಯಲ್ಲಿ ಹಲಗೆ ಹಿಡಿದು. "ಇಂಜಿನ್ ಆರ್ಸೇ ಮಾರಾಯ್ತಿ, ಸಿಟ್ಟಾಗ್ತಾಳೆ ಅವಳು. ನಿಮ್ಮಪ್ಪ ಆರಿಸ್ತಿದ್ದ."

"ಆರಿಸಲ್ಲ," ಅಂದೆ. "ನಮ್ಮಪ್ಪ ಮುಂದೆ ಕೂತು ಹಾಡ್ತಿದ್ದ, ಮಾವ. ಭಯ ಆದ್ರೆ ನೀವೂ ಹಾಡಿ."

ದೋನ್ ಮೆಲಿತೋನರ ಬೆನ್ನು ಅಲುಗಾಡಿತು. ಕೆಮ್ಮು ಇರಬೇಕೆಂದುಕೊಂಡೆ, ನಗುತ್ತಿದ್ದರು.

ಆಗ ಕೆಳಗಿನಿಂದ ಗುಳ್ಳೆಗಳು ಬಂದವು, ದೋಣಿಯ ಸುತ್ತ ನೀರು ಸೋಡಾದ ಹಾಗೆ ಉಕ್ಕಿತು. ಅವಳು ನಮ್ಮಡಿಯಿಂದ ಜಾರಿ ಬಲಗಡೆಗೆ ಎದ್ದಳು, ದೋಣಿಗಿಂತ ಉದ್ದ, ಎರಡು ದೋಣಿಗಿಂತ ಉದ್ದ. ಹಲಗೆಗೆ ಉಗುರು ಸೋಕಿದಷ್ಟೂ ತಾಗಲಿಲ್ಲ. ಉಸಿರು ಬಿಟ್ಟಳು, ಮೂವರೂ ಒದ್ದೆಯಾದೆವು. ಆಮೇಲೆ ಒಂದು ವಿಷಯ ನಡೆಯಿತು. ನಾನು ಇಷ್ಟು ವರ್ಷ ದಡದಿಂದ ನೋಡಿದ್ದರೂ ಇದನ್ನು ನೋಡಿರಲಿಲ್ಲ. ಅವಳು ಮರಿಯ ಕೆಳಗೆ ಹೋಗಿ, ಅದನ್ನು ಮೂತಿಯ ಮೇಲೆ ಎತ್ತಿ, ನಮ್ಮ ಕಡೆಗೆ ತಳ್ಳಿದಳು. ನೆಂಟರ ಮನೆಗೆ ಬಂದ ತಾಯಿ ನಾಚುವ ಮಗುವನ್ನು ಮುಂದಕ್ಕೆ ತಳ್ಳುತ್ತಾಳಲ್ಲ, ಹಾಗೆ. ಮರಿ ದೋಣಿಯ ಅಂಚಿಗೆ ಗದ್ದ ಇಟ್ಟಿತು. ಅದರ ಮೂತಿಯ ತುಂಬ ಸಣ್ಣ ಸಣ್ಣ ಕುಳಿ, ಒಂದೊಂದರಲ್ಲೂ ಒಂದೊಂದು ಕೂದಲು.

ಮೊದಲು ಕೈ ಚಾಚಿದ್ದು ಯಾರು ಗೊತ್ತೇ? ಗಿಲ್ಬೆರ್ತೊ ಮಾವ. ಎರಡು ಲೈಫ್ ಜಾಕೆಟ್ಟಿನ ಗಾತ್ರಕ್ಕೆ ಕೈ ನೀರಿನವರೆಗೆ ಮುಟ್ಟದೆ ಒದ್ದಾಡಿ, ಕೊನೆಗೆ ಮೇಲಿನದನ್ನು ಕಿತ್ತೆಸೆದು ಬಗ್ಗಿದರು. "ಬಾ ಮರಿ, ಬಾ ಪುಟ್ಟಾ," ಅನ್ನುತ್ತಿದ್ದರು. ಅವರ ಮೊಮ್ಮಕ್ಕಳಿಗೂ ಹಾಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ.

ನಾನು ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ. ತಾಯಿ ಹಿಂದಕ್ಕೆ ಬಂದು ನನ್ನ ಪಕ್ಕ ಹೊರಳಿದಾಗ ಮಾತ್ರ, ನೋವಿದ್ದ ಕೈಯನ್ನು ಅವಳ ಮೇಲಿಟ್ಟೆ. ನೀನು ಹೇಳಿದ್ದು ಸರಿ. ಮೊಟ್ಟೆ.

ದಡಕ್ಕೆ ಬಂದಾಗ ಗಿಲ್ಬೆರ್ತೊ ಮಾವ ಮಂಡಿಯುದ್ದ ನೀರಿಗಿಳಿದು ತಾವೇ ದೋಣಿ ಎಳೆದರು. "ಜಾಗ ಇವಳದು," ಅಂದರು, "ಇನ್ನು ಹುರುಳಿ ಬೇಯಿಸೋರು ಯಾರು ಅಂತ ನೋಡ್ಕೊಳ್ಳಿ." ಎಲ್ಲರೂ ನಕ್ಕರು, ಬೆನ್ನು ತಟ್ಟಿದರು. "ಆನ್ಸೆಲ್ಮೊನ ರಕ್ತ ಕಣ್ರಯ್ಯಾ" ಎಂದು ಯಾರೋ ಹೇಳಿದರು. ನಿಜ ಏನೆಂಬುದು ನಿನ್ನ ಗುಟ್ಟು, ನನ್ನದಲ್ಲ ಎಂದುಕೊಂಡೆ.

ಆದರೆ ದೋನ್ ಮೆಲಿತೋನ್ ದೋಣಿಯಿಂದ ಇಳಿಯಲೇ ಇಲ್ಲ. ಹಲಗೆಯ ಮೇಲೆ ನಿಂತುಕೊಂಡರು. "ಆನ್ಸೆಲ್ಮೊಂದಲ್ಲ," ಅಂದರು. ಅಳಿವೆ, ಹ್ಯಾಟು, ಓಲೆ, ಕೂದಲು, ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೋದಂತೆ ಜನ ಟೋಪಿಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ಅಮ್ಮಾ. ಕೊನೆಯಲ್ಲಿ ಗಿಲ್ಬೆರ್ತೊ ಮಾವ ಕೇಳಿದ್ದು ಇಷ್ಟು: "ಹಂಗಾದ್ರೆ ನಾವು ಅಷ್ಟು ವರ್ಷ ದಡದಲ್ಲಿ ನಿಂತು ನೋಡಿ ಕಲಿತಿದ್ದು ತ್ರಿನಿ ಹತ್ರಾನಾ?"

"ಮತ್ತೆ?" ಅಂದರು ದೋನ್ ಮೆಲಿತೋನ್.

ಸಂಜೆ ಸುಟ್ಟ ಚಿಪ್ಪುಮಾಂಸ ಇತ್ತು. ನಾನು ಬೇಯಿಸಲಿಲ್ಲ.

ದೋಣಿಗೆ ಬಣ್ಣ ಹೊಡೆಯುತ್ತಿದ್ದಾರೆ. ಹೆಸರು ಏನು ಬರೆಯಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ, ಅವರೇ ಬರೆದರು: ತ್ರಿನಿ. ತಾಯಿ ಮರಿಗಳು ಇನ್ನೂ ಸ್ವಲ್ಪ ದಿನ ಇರುತ್ತವೆ. ನೀನು ಬರುತ್ತೀಯಾ? ಹ್ಯಾಟನ್ನು ಒಗೆದು ಬಿಸಿಲಿಗಿಟ್ಟಿದ್ದೇನೆ. ಪಟ್ಟಿ ಬಿಚ್ಚಿಲ್ಲ.

ಹೆರ್ಲಿಂದಾ


ಎನ್ಸೆನಾದಾ
9 ಮಾರ್ಚ್ 1995

ಹೆರ್ಲಿಂದಾ,

ಪೋಲೊ ಖರ್ಜೂರವನ್ನೂ ತಿಂದ, ವಿಷಯವನ್ನೂ ಹೇಳಿದ. ಆದರೂ ನಿನ್ನ ಪತ್ರವನ್ನು ಚಾಯೊಗೆ ಗಟ್ಟಿಯಾಗಿ ಓದಿದೆ. ಅವಳು "ದೋಣಿ ಅಷ್ಟು ನಾಜೂಕಾಗಿ ನಡೆಸೋ ಕೈಗೆ ತೊರ್ತಿಯಾ ತೆಳ್ಳಗೆ ತಟ್ಟೋಕೆ ಏನು ರೋಗ?" ಅಂದಳು. ಆಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡು ಅತ್ತಳು. ಈಗ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾಳೆ. ಪಕ್ಕದ ಮನೆಯವಳು ನೋಡಿಕೊಳ್ಳುತ್ತಾಳಂತೆ.

ಶನಿವಾರ ಪೋಲೊನ ಲಾರಿಯಲ್ಲಿ ಬರುತ್ತಿದ್ದೇನೆ. ಐಸಿನ ಮೇಲೆ ಕೂರಿಸಿದರೂ ಸರಿ.

ದೋಣಿಯಲ್ಲಿ ನೀನು ನಡುವೆ ಕೂರು, ಇಷ್ಟು ದಿನ ಬೇರೆಯವರಿಗಾಗಿ ನೋಡಿದ್ದು ಸಾಕು, ಒಂದು ದಿನ ನಿನಗಾಗಿ ನೋಡು. ಮೆಲಿತೋನ್ ಮುಂದೆ ಕೂರಲಿ. ಹಾಡಿದರೆ ನೀರಿಗೆ ಹಾಕುತ್ತೇನೆ ಎಂದು ಹೇಳು. ಹಿಂದಿನ ಜಾಗ ನನಗೆ ಬಿಡು, ಒಂದೇ ಒಂದು ಸುತ್ತು, ಆಮೇಲೆ ಅದು ನಿನ್ನದೇ.

ಹ್ಯಾಟನ್ನು ನೀನೇ ಹಾಕಿಕೋ. ನಿನ್ನ ತಲೆಗೆ ಸರಿಯಾಗಿದೆ ಎಂದು ಬರೆದಿದ್ದೀಯ. ನಾನು ಬರಿತಲೆಯಲ್ಲಿ ಕೂರುತ್ತೇನೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ದಡದಿಂದ ಚೆನ್ನಾಗಿ ಕಾಣುತ್ತದೆ.

ಅಮ್ಮ